ಪೆನಾಂಗ್‌ನಲ್ಲಿ ಚೆನ್ನಾಗಿ ತಿನ್ನಬೇಕಾ? ಮೊದಲು ಗಡಿಯಾರ ನೋಡಿ

ಪೆನಾಂಗ್‌ಗೆ ಟಿಕೆಟ್ ಆದ ಕೂಡಲೇ ಹೆಚ್ಚಿನವರು ಫೋನ್ ತೆಗೆದು "ಅಲ್ಲಿ ಒಳ್ಳೆ ಹೋಟೆಲ್ ಯಾವುದು" ಅಂತ ಹುಡುಕುತ್ತಾರೆ. ಒಂದಷ್ಟು ಹೆಸರು ಸಿಗುತ್ತವೆ, ಮ್ಯಾಪ್‌ನಲ್ಲಿ ಗುರುತೂ ಬೀಳುತ್ತದೆ. ಅಲ್ಲಿ ಇಳಿದು ಹೋಗಿ ನೋಡಿದರೆ ಒಂದು ತಿಂಡಿ ಗಾಡಿ ಸಂಜೆ ಮಾತ್ರ ಬರುತ್ತದೆ, ಇನ್ನೊಂದರಲ್ಲಿ ಬೆಳಗ್ಗೆಯೇ ಎಲ್ಲ ಖಾಲಿ, ಮತ್ತೊಂದಕ್ಕೆ ಅವತ್ತು ರಜ. ಬಿಸಿಲಲ್ಲಿ ಸುತ್ತಿ ಸುತ್ತಿ ಕೊನೆಗೆ ಮಾಲ್‌ನಲ್ಲಿ ಪಿಜ್ಜಾ ತಿಂದು ರೂಮಿಗೆ ಬರುವವರೂ ಇದ್ದಾರೆ.

ಈ ದ್ವೀಪದಲ್ಲಿ ಅಂಗಡಿ ಹೆಸರಿಗಿಂತ ಹೊತ್ತು ಮುಖ್ಯ. ಯಾವ ತಿಂಡಿ, ಯಾವ ಹೊತ್ತಿಗೆ, ಯಾವ ಬೀದಿಯಲ್ಲಿ ಅನ್ನುವುದು ಗೊತ್ತಿದ್ದರೆ ಸಾಕು. ಹೆಸರು ತಾನಾಗಿಯೇ ಸಿಗುತ್ತದೆ.

ಪೆನಾಂಗ್ ಮಲೇಷ್ಯಾದ ವಾಯವ್ಯ ಕರಾವಳಿಯ ಪಕ್ಕದಲ್ಲಿರುವ ದ್ವೀಪ. 1786ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಪರವಾಗಿ ಫ್ರಾನ್ಸಿಸ್ ಲೈಟ್ ಇಲ್ಲಿ ಬಂದಿಳಿದ. ಆಮೇಲೆ ಬಂದರು ಬೆಳೆಯಿತು. ದಕ್ಷಿಣ ಚೀನಾದವರು, ತಮಿಳರು, ಸುಮಾತ್ರಾದವರು ಎಲ್ಲ ಬಂದು ನೆಲೆಸಿದರು. ಇಲ್ಲಿದ್ದ ಮಲಯರ ಅಡುಗೆಯ ಜೊತೆ ಅವರವರ ಅಡುಗೆ ಬೆರೆಯಿತು. ದುಡಿಯುವ ಜನರಿಗೆ ಬೀದಿಯಲ್ಲೇ ಅಗ್ಗದ ಊಟ ಬೇಕಿತ್ತು. ಅದಕ್ಕೇ ಇವತ್ತಿಗೂ ಇಲ್ಲಿ ಒಳ್ಳೆಯ ಊಟ ಹವಾನಿಯಂತ್ರಿತ ಹೋಟೆಲಿಗಿಂತ ಗಾಡಿಗಳಲ್ಲೇ ಜಾಸ್ತಿ.

ಹೆಜ್ಜೆ 1: ಜಾರ್ಜ್‌ಟೌನ್‌ನಲ್ಲಿ ಉಳಿದುಕೊಳ್ಳಿ

ಬೀಚ್ ಬೇಕು ಅಂತ ಬಹಳ ಜನ ಉತ್ತರದ ಬಾಟು ಫೆರಿಂಗಿಯಲ್ಲಿ ರೂಮ್ ಮಾಡುತ್ತಾರೆ. ಸಮುದ್ರ ಚೆನ್ನಾಗಿದೆ, ಆದರೆ ಪ್ರತಿ ಊಟಕ್ಕೂ ಬಸ್ಸೋ ಟ್ಯಾಕ್ಸಿಯೋ ಹಿಡಿದು ಊರಿಗೆ ಬರಬೇಕಾಗುತ್ತದೆ. ತಿನ್ನುವುದೇ ಉದ್ದೇಶ ಅಂದರೆ ದ್ವೀಪದ ಮುಖ್ಯ ಊರಾದ ಜಾರ್ಜ್‌ಟೌನ್‌ನ ಹಳೆಯ ಬೀದಿಗಳಲ್ಲೇ ಇರಿ. 2008ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಭಾಗ ಇದು. ಚುಲಿಯಾ ಬೀದಿ, ಕಿಂಬರ್ಲಿ ಬೀದಿ, ಲಿಟಲ್ ಇಂಡಿಯಾ ಎಲ್ಲ ಕಾಲ್ನಡಿಗೆಯ ದೂರ. ಹಳೆಯ ಅಂಗಡಿಸಾಲುಗಳ ಮುಂದೆ ಚಾವಣಿ ಇರುವ ಜಗಲಿ ಇರುವುದರಿಂದ ಮಳೆ ಬಂದರೂ ಅರ್ಧ ದಾರಿ ನೆನೆಯದೆ ನಡೆಯಬಹುದು.

ಇಲ್ಲಿ ನಡೆಯುವುದು ತುಂಬಾ ಮುಖ್ಯ. ತಟ್ಟೆಗಳು ಚಿಕ್ಕವು, ಒಂದು ಗಾಡಿಯಿಂದ ಇನ್ನೊಂದಕ್ಕೆ ನಡೆಯುವಷ್ಟರಲ್ಲಿ ಹೊಟ್ಟೆಯಲ್ಲಿ ಸ್ವಲ್ಪ ಜಾಗ ಆಗುತ್ತದೆ.

ಹೆಜ್ಜೆ 2: ತಿಂಡಿಗಳ ಪಟ್ಟಿ ಮಾಡಿ, ಅಂಗಡಿಗಳದ್ದಲ್ಲ

ಇಲ್ಲಿನ ಗಾಡಿಯವರು ಸಾಮಾನ್ಯವಾಗಿ ಒಂದೇ ತಿಂಡಿ ಮಾಡುತ್ತಾರೆ. ಜೀವನವಿಡೀ ಅದೊಂದೇ. ಅಪ್ಪನಿಂದ ಮಗನಿಗೆ, ಮಗಳಿಗೆ ಬಂದಿರುತ್ತದೆ. ಒಂದೇ ಕಡೆ ಅರವತ್ತು ಐಟಂ ಬರೆದ ಫೋಟೋ ಮೆನು ಕಂಡರೆ ಮುಂದೆ ನಡೆಯಿರಿ. ಹಾಗಾಗಿ ಏನೇನು ತಿನ್ನಬೇಕು ಅಂತ ಮೊದಲೇ ಬರೆದಿಟ್ಟುಕೊಳ್ಳಿ.

ಚಾರ್ ಕ್ವೇ ಟಿಯಾವ್ ಅಂದರೆ ಅಗಲ ಪಟ್ಟಿಯಂಥ ಅಕ್ಕಿ ನೂಡಲ್ಸ್. ಅದನ್ನು ಸೋಯಾ ಸಾಸ್, ಸಿಗಡಿ, ಮೊಟ್ಟೆ, ಹೆಸರುಕಾಳಿನ ಮೊಳಕೆ, ಚಿಪ್ಪಿನ ಮಾಂಸ ಹಾಕಿ ಜೋರು ಉರಿಯಲ್ಲಿ ಹುರಿಯುತ್ತಾರೆ. ಚೀನೀ ಗಾಡಿಗಳಲ್ಲಿ ಹಂದಿ ಕೊಬ್ಬೂ ಇರುತ್ತದೆ. ಒಳ್ಳೆಯ ಗಾಡಿ ಮುಂದೆ ಐದು ನಿಮಿಷ ಸುಮ್ನೆ ನಿಂತು ನೋಡಿ. ಬಾಣಲೆಯ ಕೆಳಗೆ ಕೆಂಡ. ಮೊದಲು ಬೆಳ್ಳುಳ್ಳಿ ಚುರ್ ಅನ್ನುತ್ತದೆ, ನೂಡಲ್ಸ್ ಬೀಳುತ್ತದೆ, ಸೌಟಿನ ಅಂಚಿನಿಂದ ಸಾಸ್ ಚಿಮುಕಿಸುತ್ತಾರೆ. ನೂಡಲ್ಸನ್ನು ಒಂದು ಬದಿಗೆ ತಳ್ಳಿ, ಖಾಲಿಯಾದ ಜಾಗದಲ್ಲಿ ಮೊಟ್ಟೆ ಒಡೆದು, ಅದು ಅರ್ಧ ಗಟ್ಟಿಯಾಗುವಾಗ ಎಲ್ಲವನ್ನೂ ಮಗುಚುತ್ತಾರೆ. ಮೊಳಕೆ ಕೊನೆಗೆ, ಗರಿಗರಿ ಉಳಿಯಲಿ ಅಂತ. ಒಂದು ಬಾರಿಗೆ ಒಂದೋ ಎರಡೋ ತಟ್ಟೆ ಮಾತ್ರ. ಜಾಸ್ತಿ ತುಂಬಿದರೆ ಬಾಣಲೆ ತಣ್ಣಗಾಗಿ ನೂಡಲ್ಸ್ ಹುರಿಯುವ ಬದಲು ಬೇಯುತ್ತದೆ, ಆ ಸುಟ್ಟ ಘಮ ಬರುವುದಿಲ್ಲ. ಕಾಯಬೇಕಾಗುವುದು ಅದಕ್ಕೇ. ಹತ್ತು ತಟ್ಟೆಗೆ ಆಗುವಷ್ಟನ್ನು ಒಟ್ಟಿಗೆ ಹುರಿದು ರಾಶಿ ಹಾಕಿಟ್ಟವರ ಹತ್ತಿರ ತಿನ್ನಬೇಡಿ.

ಆಸಂ ಲಕ್ಸಾ ಇದಕ್ಕೆ ಪೂರ್ತಿ ಉಲ್ಟಾ. ಬಂಗುಡೆ ಜಾತಿಯ ಮೀನು ಬೇಯಿಸಿ, ಪುಡಿ ಮಾಡಿ, ಹುಣಸೆಹುಳಿ ಹಾಕಿ ಕುದಿಸಿದ ದಪ್ಪ ಸಾರು. ಅದರಲ್ಲಿ ದುಂಡನೆಯ ಅಕ್ಕಿ ಶಾವಿಗೆ. ಮೇಲೆ ಸೌತೆಕಾಯಿ, ಅನಾನಸ್, ಈರುಳ್ಳಿ, ಪುದೀನ, ಜೊತೆಗೆ ಶುಂಠಿ ಕುಲದ ಒಂದು ಗುಲಾಬಿ ಬಣ್ಣದ ಹೂವಿನ ಮೊಗ್ಗನ್ನು ಸಣ್ಣಗೆ ಹೆಚ್ಚಿ ಹಾಕುತ್ತಾರೆ. ಪಕ್ಕದಲ್ಲಿ ಚಮಚದಲ್ಲಿ ಕಪ್ಪಗೆ ಕಾಕಂಬಿಯಂತೆ ಕಾಣುವ ಸಿಗಡಿ ಪೇಸ್ಟ್ ಬರುತ್ತದೆ. ಅದನ್ನು ಒಮ್ಮೆಲೇ ಕಲಸಬೇಡಿ. ಮೊದಲು ಸಾರು ಹಾಗೆಯೇ ಕುಡಿದು ನೋಡಿ, ಆಮೇಲೆ ಸ್ವಲ್ಪ ಸ್ವಲ್ಪ ಬೆರೆಸಿ. ವಾಸನೆ ಜೋರಾಗಿಯೇ ಇರುತ್ತದೆ, ಎಲ್ಲರಿಗೂ ಹಿಡಿಸುವುದಿಲ್ಲ. ನನ್ನ ಕೇಳಿದರೆ ಇಡೀ ದ್ವೀಪದಲ್ಲಿ ಒಂದೇ ಒಂದು ತಿನ್ನಬೇಕಾದರೆ ಇದನ್ನೇ.

ಹೊಕ್ಕಿಯನ್ ಮೀ ವಿಚಾರದಲ್ಲಿ ಒಂದು ಎಚ್ಚರ. ಕೌಲಾಲಂಪುರದಲ್ಲಿ ಈ ಹೆಸರು ಹೇಳಿದರೆ ಕಪ್ಪು ಸೋಯಾ ಸಾಸ್‌ನಲ್ಲಿ ಹುರಿದ ದಪ್ಪ ನೂಡಲ್ಸ್ ಬರುತ್ತದೆ. ಪೆನಾಂಗ್‌ನಲ್ಲಿ ಬರುವುದು ಸಿಗಡಿ ತಲೆ, ಹಂದಿ ಮೂಳೆ ಕುದಿಸಿದ ಕೆಂಪು ಸಾರಿನಲ್ಲಿ ಮುಳುಗಿದ ನೂಡಲ್ಸ್.

ನಾಸಿ ಕಂದರ್ ತಮಿಳು ಮುಸ್ಲಿಮರ ಕೊಡುಗೆ. ಹಿಂದೆ ಹೆಗಲ ಮೇಲೆ ಅಡ್ಡೆ ಹೊತ್ತು, ಒಂದು ಕಡೆ ಅನ್ನ, ಇನ್ನೊಂದು ಕಡೆ ಸಾರು ತೂಗಿಸಿಕೊಂಡು ಮಾರುತ್ತಿದ್ದರು. ಈಗ ಅನ್ನದ ಮೇಲೆ ನಿಮಗೆ ಬೇಕಾದ್ದನ್ನು ತೋರಿಸಿ ಹಾಕಿಸಿಕೊಳ್ಳುವ ಹೋಟೆಲ್‌ಗಳಾಗಿವೆ. ಕ್ಯಾಂಪ್‌ಬೆಲ್ ಬೀದಿಯ ಹಮೀದಿಯಾ 1907ರಿಂದ ಇದೆ. ರುಚಿಯ ಗುಟ್ಟು ಒಂದೇ ಸಾರಿನಲ್ಲಿಲ್ಲ, ಮೂರು ನಾಲ್ಕು ಸಾರುಗಳನ್ನು ಅನ್ನದ ಮೇಲೆ ಬೆರೆಸುವುದರಲ್ಲಿದೆ. "ಬಂಜಿರ್" ಅಂದರೆ ಅನ್ನ ಮುಳುಗುವಷ್ಟು ಸಾರು ಸುರಿಯುತ್ತಾರೆ. ಒಂದು ಮಾತು: ಬೆಲೆಯನ್ನು ತಟ್ಟೆ ನೋಡಿ ಲೆಕ್ಕ ಹಾಕುತ್ತಾರೆ. ದೊಡ್ಡ ಸಿಗಡಿ, ಮೀನಿನ ಮೊಟ್ಟೆ ಇಂಥದ್ದಕ್ಕೆ ಕೈ ತೋರಿಸುವ ಮುಂಚೆ ಎಷ್ಟು ಅಂತ ಕೇಳಿಬಿಡಿ. ಆಮೇಲೆ ಬಿಲ್ ನೋಡಿ ಮುಖ ಸಿಂಡರಿಸಿ ಪ್ರಯೋಜನ ಇಲ್ಲ.

ಇನ್ನು ಚೆಂಡೋಲ್. ಹಸಿರು ಬಣ್ಣದ ಅಕ್ಕಿ ಹಿಟ್ಟಿನ ಎಳೆಗಳು, ತೆಂಗಿನ ಹಾಲು, ತಾಳೆ ಬೆಲ್ಲ, ಕೆಂಪು ಬೀನ್ಸ್, ಪುಡಿ ಐಸ್. ಮಧ್ಯಾಹ್ನದ ಬಿಸಿಲಿಗೆ ಅಂತಲೇ ಹುಟ್ಟಿದ್ದು.

ಹೆಜ್ಜೆ 3: ಆ ಪಟ್ಟಿಯನ್ನು ದಿನದ ಮೇಲೆ ಹರಡಿ

ಬೆಳಗ್ಗೆ ಮಾರುಕಟ್ಟೆಗಳ ಹೊತ್ತು. ಪುಲಾವ್ ಟಿಕುಸ್ ಅಥವಾ ಸೆಸಿಲ್ ಬೀದಿಯ ಮಾರುಕಟ್ಟೆಗೆ ಹೋಗಿ. ತರಕಾರಿ ಕೊಳ್ಳಲು ಬಂದ ಊರವರು ಅಲ್ಲೇ ಕೂತು ತಿಂಡಿ ಮುಗಿಸುವುದನ್ನು ನೋಡಬಹುದು. ಹಳೆಯ ಕಾಫಿ ಅಂಗಡಿಗಳಲ್ಲಿ ಕೆಂಡದ ಮೇಲೆ ಸುಟ್ಟ ಬ್ರೆಡ್, ಅದಕ್ಕೆ ಬೆಣ್ಣೆ, ತೆಂಗಿನ ಹಾಲು ಮತ್ತು ಮೊಟ್ಟೆಯಿಂದ ಮಾಡಿದ ಕಾಯಾ ಜಾಮ್ ಸಿಗುತ್ತದೆ. ಪರೋಟದಂಥ ಪದರದ ರೊಟ್ಟಿ, ರೊಟಿ ಚನಾಯ್ ಕೂಡ ಬೆಳಗಿನದ್ದೇ, ಆದರೆ ತಮಿಳು ಮುಸ್ಲಿಂ ಹೋಟೆಲ್‌ಗಳಲ್ಲಿ ತಡರಾತ್ರಿಯವರೆಗೂ ಸಿಗುವ ಜಾಗಗಳಿವೆ.

ಹನ್ನೊಂದರಿಂದ ಮೂರರವರೆಗೆ ನಾಸಿ ಕಂದರ್, ಲಕ್ಸಾ, ಚೆಂಡೋಲ್. ಕೆಕ್ ಲೊಕ್ ಸಿ ದೇವಸ್ಥಾನ ನೋಡುವ ಯೋಚನೆ ಇದ್ದರೆ ಅದೇ ದಿನ ಕೆಳಗಿನ ಆಯರ್ ಇತಾಮ್ ಮಾರುಕಟ್ಟೆ ಸುತ್ತಮುತ್ತ ಲಕ್ಸಾ ತಿನ್ನಿ, ಒಂದೇ ಓಡಾಟದಲ್ಲಿ ಎರಡೂ ಮುಗಿಯುತ್ತದೆ. ಚೆಂಡೋಲ್‌ಗೆ ಪೆನಾಂಗ್ ರೋಡ್ ಪಕ್ಕದ ಕೆಂಗ್ ಕ್ವೀ ಬೀದಿ ಹೆಸರುವಾಸಿ. ಅಲ್ಲಿ ನಿಂತುಕೊಂಡೇ ಕುಡಿಯುವವರು ಜಾಸ್ತಿ.

ಮೂರರಿಂದ ಐದೂವರೆ ನಡುವೆ ಊರು ಒಂಥರಾ ಖಾಲಿ. ಮಧ್ಯಾಹ್ನದವರು ಪಾತ್ರೆ ತೊಳೆಯುತ್ತಿರುತ್ತಾರೆ, ಸಂಜೆಯವರು ಇನ್ನೂ ಬಂದಿರುವುದಿಲ್ಲ. ಆ ಹೊತ್ತಿನಲ್ಲಿ ರೂಮಿಗೆ ಹೋಗಿ ಮಲಗಿ. ನಿಜವಾಗಿ ಹೇಳುತ್ತಿದ್ದೇನೆ, ಆ ಬಿಸಿಲಿನಲ್ಲಿ ಗಾಡಿ ಹುಡುಕಿಕೊಂಡು ಅಲೆಯುವುದಕ್ಕಿಂತ ಅದು ವಾಸಿ.

ಕತ್ತಲಾಗುತ್ತಿದ್ದಂತೆ ಬೀದಿಗಳೇ ಅಡುಗೆಮನೆಯಾಗುತ್ತವೆ. ಚುಲಿಯಾ ಬೀದಿ, ಕಿಂಬರ್ಲಿ ಬೀದಿ, ನ್ಯೂ ಲೇನ್ ಮೂರೂ ಸಂಜೆಯ ಜಾಗಗಳು. ಸಮುದ್ರದ ಪಕ್ಕದ ಗರ್ನಿ ಡ್ರೈವ್‌ನಲ್ಲಿ ಎಲ್ಲ ಬಗೆಯೂ ಒಂದೇ ಕಡೆ ಸಿಗುತ್ತದೆ. ಪ್ರವಾಸಿಗಳ ಜಾಗ ಅಂತ ಮೂಗು ಮುರಿಯುವವರಿದ್ದಾರೆ. ಮೊದಲ ಸಂಜೆ ಯಾವುದು ಹೇಗಿರುತ್ತದೆ ಅಂತ ಗುರುತು ಹಿಡಿಯಲು ಅದು ಒಳ್ಳೆಯದೇ. ಎರಡನೇ ಸಂಜೆಗೆ ಬೇರೆ ಕಡೆ ಹೋಗಿ.

ಹೆಜ್ಜೆ 4: ಗಾಡಿ ಆರಿಸುವುದು

ಉದ್ದ ಸಾಲು ಇದ್ದರೆ ಚೆನ್ನಾಗಿದೆ ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. 2022ರ ಡಿಸೆಂಬರ್‌ನಲ್ಲಿ, ಒಳ್ಳೆಯ ಹೋಟೆಲ್‌ಗಳನ್ನು ಆರಿಸಿ ಪಟ್ಟಿ ಮಾಡುವ ಮಿಷೆಲಿನ್ ಗೈಡ್ ಮೊದಲ ಸಲ ಪೆನಾಂಗ್‌ಗೂ ಬಂತು. ಅವರ ಅಗ್ಗದ ಊಟದ ಪಟ್ಟಿಯಲ್ಲಿ ಹಲವು ಬೀದಿ ಗಾಡಿಗಳಿವೆ. ಅಂದಿನಿಂದ ಆ ಗಾಡಿಗಳ ಮುಂದೆ ಫೋನ್ ಹಿಡಿದವರ ಸಾಲು. ತಿಂಡಿ ಚೆನ್ನಾಗಿಲ್ಲ ಅಂತಲ್ಲ, ಆದರೆ ಒಂದು ತಟ್ಟೆಗೆ ಒಂದು ಗಂಟೆ ನಿಂತರೆ ಆ ಸಂಜೆ ತಿನ್ನಬಹುದಾಗಿದ್ದ ಇನ್ನೆರಡು ಹೋಗಿಬಿಡುತ್ತವೆ.

ಸಾಲಿನ ಉದ್ದ ಬಿಡಿ, ಸಾಲಿನಲ್ಲಿ ಯಾರಿದ್ದಾರೆ ನೋಡಿ. ಆಫೀಸಿನ ಐಡಿ ಕಾರ್ಡ್ ಹಾಕಿಕೊಂಡವರು, ಮನೆ ಚಪ್ಪಲಿಯಲ್ಲಿ ಬಂದವರು, ಬೈಕ್ ಆಫ್ ಮಾಡದೆ ಪಾರ್ಸಲ್‌ಗೆ ಕಾಯುವವರು ಇದ್ದರೆ ಅಲ್ಲೇ ನಿಲ್ಲಿ. ಗಾಡಿಯಲ್ಲಿ ಒಂದೇ ತಿಂಡಿ ಇದೆಯಾ, ಅಡುಗೆ ಮಾಡುವವರು ಕಣ್ಣೆದುರೇ ಮಾಡುತ್ತಿದ್ದಾರಾ, ಸಾರು ಕುದಿಯುತ್ತಲೇ ಇದೆಯಾ ಅಂತಲೂ ನೋಡಿ. ಯಾರಾದರೂ ಮೆನು ಹಿಡಿದು ರಸ್ತೆಗೆ ಬಂದು ಕರೆಯುತ್ತಿದ್ದರೆ ನಗುತ್ತಾ ಬೇಡ ಅನ್ನಿ. ಒಳ್ಳೆಯ ಗಾಡಿಯವರಿಗೆ ಕರೆಯಲು ಪುರುಸೊತ್ತೇ ಇರುವುದಿಲ್ಲ.

ಅಂದಹಾಗೆ, ಇಲ್ಲಿನ ಸರ್ಕಾರವೇ ಈ ವಿಷಯದಲ್ಲಿ ಕಟ್ಟುನಿಟ್ಟು. ಗಾಡಿಗಳಲ್ಲಿ ಪೆನಾಂಗ್‌ನ ಹೆಸರಾಂತ ತಿಂಡಿಗಳನ್ನು ವಿದೇಶಿ ಕೆಲಸಗಾರರು ಬೇಯಿಸುವಂತಿಲ್ಲ ಅಂತ 2016ರಿಂದ ನಿಯಮ ಇದೆ. ಸರಿಯೋ ತಪ್ಪೋ ಅನ್ನುವ ಚರ್ಚೆ ಬೇರೆ, ಊಟವನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದಾರೆ ಅನ್ನುವುದಂತೂ ಗೊತ್ತಾಗುತ್ತದೆ.

ಊರವರ ಹತ್ತಿರ ಕೇಳುವುದಾದರೆ "ಇಲ್ಲಿ ಯಾವುದು ಬೆಸ್ಟ್" ಅಂತ ಕೇಳಬೇಡಿ. ಪ್ರವಾಸಿಗಳಿಗೆ ಹೇಳುವ ಹೆಸರನ್ನೇ ಹೇಳುತ್ತಾರೆ. "ನೀವು ಲಕ್ಸಾ ಎಲ್ಲಿ ತಿಂತೀರಾ?" ಅಂತ ಕೇಳಿ. ಟ್ಯಾಕ್ಸಿಯವರು, ಲಾಡ್ಜ್‌ನ ಕೌಂಟರಿನಲ್ಲಿ ಕೂತವರು, ಯಾರನ್ನು ಕೇಳಿದರೂ ಐದು ನಿಮಿಷ ಮಾತಾಡುತ್ತಾರೆ. ಪಕ್ಕದವರು ಬಂದು ಅದು ತಪ್ಪು ಅಂತ ಜಗಳಕ್ಕೂ ನಿಲ್ಲಬಹುದು. ಆ ಜಗಳದಲ್ಲಿ ಬರುವ ಹೆಸರುಗಳನ್ನೆಲ್ಲ ಬರೆದುಕೊಳ್ಳಿ.

ಹೆಜ್ಜೆ 5: ಕೂರುವುದು, ಹೇಳುವುದು, ದುಡ್ಡು ಕೊಡುವುದು

ಕೊಪಿಟಿಯಮ್ ಅನ್ನುವ ಕಾಫಿ ಅಂಗಡಿಗಳ ವ್ಯವಸ್ಥೆ ಹೊಸಬರಿಗೆ ಗಲಿಬಿಲಿ ಮಾಡುತ್ತದೆ. ಕಟ್ಟಡ, ಮೇಜು, ಕುರ್ಚಿ ಒಬ್ಬರದ್ದು. ಕಾಫಿ, ಟೀ, ಜ್ಯೂಸ್ ಮಾರುವುದು ಅವರೇ. ಒಳಗೆ ನಿಂತಿರುವ ಗಾಡಿಗಳು ಬೇರೆ ಬೇರೆಯವರದ್ದು, ಬಾಡಿಗೆ ಕೊಟ್ಟು ನಿಂತವರು. ಆದ್ದರಿಂದ ಮೊದಲು ಮೇಜು ಹಿಡಿಯಿರಿ, ಅದರ ನಂಬರ್ ನೋಡಿಕೊಳ್ಳಿ. ಆಮೇಲೆ ಗಾಡಿಯ ಹತ್ತಿರ ಹೋಗಿ ಬೇಕಾದ್ದು ಹೇಳಿ, ಮೇಜಿನ ನಂಬರ್ ಹೇಳಿ ಬಂದು ಕೂರಿ. ತಿಂಡಿ ತಂದಿಟ್ಟಾಗಲೇ ದುಡ್ಡು. ಮೂರು ಗಾಡಿಯಿಂದ ತರಿಸಿದರೆ ಮೂವರಿಗೆ ಬೇರೆ ಬೇರೆ ಕೊಡಬೇಕು. ಅಲ್ಲಿನ ದುಡ್ಡು ರಿಂಗಿಟ್, ಅದರ ಚಿಲ್ಲರೆ ಇಟ್ಟುಕೊಂಡಿರಿ, ಕಾರ್ಡ್ ನಡೆಯುವುದು ಕಷ್ಟ.

ಕುಡಿಯಲು ಒಂದಾದರೂ ಹೇಳಿ. ಜಾಗ ಕೊಟ್ಟವರ ಸಂಪಾದನೆ ಅದರಲ್ಲೇ ಇರುವುದು. ಏನೂ ಹೇಳದೆ ಕೂತರೆ ಕೆಲವು ಕಡೆ ಸಣ್ಣ ಶುಲ್ಕ ಹಾಕುತ್ತಾರೆ. "ಕೊಪಿ" ಅಂದರೆ ಮಂದ ಸಿಹಿ ಹಾಲು ಹಾಕಿದ ಕಾಫಿ, "ಕೊಪಿ ಓ" ಅಂದರೆ ಹಾಲಿಲ್ಲದ್ದು, ಆದರೆ ಸಕ್ಕರೆ ಇರುತ್ತದೆ. ಸಕ್ಕರೆಯೂ ಬೇಡ ಅಂದರೆ "ಕೊಪಿ ಓ ಕೊಸೊಂಗ್". ಎಲ್ಲವೂ ವಿಪರೀತ ಸಿಹಿ, ಅದಕ್ಕೆ "ಕುರಂಗ್ ಮಾನಿಸ್" ಅನ್ನುವುದನ್ನು ಮೊದಲ ದಿನವೇ ಕಲಿತುಬಿಡಿ, ಸಿಹಿ ಕಮ್ಮಿ ಮಾಡಿಕೊಡುತ್ತಾರೆ. ಖಾರ ಬೇಡವಾದರೆ "ತಾಕ್ ಮಾವು ಪೆಡಾಸ್", ಪಾರ್ಸಲ್‌ಗೆ "ಬುಂಗ್‌ಕುಸ್", ಎಷ್ಟು ಅಂತ ಕೇಳಲು "ಬೆರಾಪಾ". ಇಷ್ಟರ ಜೊತೆಗೆ ಕೈ ತೋರಿಸಿದರೆ ಕೆಲಸ ನಡೆಯುತ್ತದೆ. ಇಂಗ್ಲಿಷ್ ಬಹಳ ಜನಕ್ಕೆ ಬರುತ್ತದೆ. ಲಿಟಲ್ ಇಂಡಿಯಾದಲ್ಲಿ, ನಾಸಿ ಕಂದರ್ ಹೋಟೆಲ್‌ಗಳಲ್ಲಿ ಹರಕು ಮುರುಕು ತಮಿಳು ಇದ್ದರೂ ಸಾಕು, ಸಾರು ಒಂದು ಸೌಟು ಜಾಸ್ತಿಯೇ ಬೀಳುತ್ತದೆ.

ಇಬ್ಬರು ಹೋಗಿದ್ದರೆ ಒಂದು ತಟ್ಟೆ ಹಂಚಿಕೊಳ್ಳಿ. ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಹೆಜ್ಜೆ 6: ಸಸ್ಯಾಹಾರಿಗಳಾದರೆ

ಇದನ್ನು ನೇರವಾಗಿ ಹೇಳುವುದೇ ಒಳ್ಳೆಯದು. ಮೇಲೆ ಹೇಳಿದ ನೂಡಲ್ಸ್‌ಗಳಲ್ಲಿ ಯಾವುದನ್ನೂ ಸಾಮಾನ್ಯ ಗಾಡಿಯಲ್ಲಿ ಸಸ್ಯಾಹಾರಿ ಮಾಡಿಸಿಕೊಳ್ಳಲು ಆಗುವುದಿಲ್ಲ. "ಸಿಗಡಿ ತೆಗೆದು ಕೊಡಿ" ಅಂದರೆ ತುಂಡು ತೆಗೆಯುತ್ತಾರೆ, ಸಾರಿನಲ್ಲಿ ಇರುವುದು ಇದ್ದೇ ಇರುತ್ತದೆ. ಬೆಲಚಾನ್ ಅನ್ನುವ ಹುದುಗಿಸಿದ ಸಿಗಡಿ ಪೇಸ್ಟ್ ಚಟ್ನಿಯಲ್ಲೂ ಸೊಪ್ಪಿನ ಪಲ್ಯದಲ್ಲೂ ಅಡಗಿರುತ್ತದೆ. ಸೊಪ್ಪು ಕಂಡ ತಕ್ಷಣ ನಂಬಬೇಡಿ.

ಹಾಗಂತ ಉಪವಾಸ ಬೀಳಬೇಕಾಗಿಲ್ಲ. ಲಿಟಲ್ ಇಂಡಿಯಾದಲ್ಲಿ, ಕ್ವೀನ್ ಬೀದಿಯ ಮಹಾಮಾರಿಯಮ್ಮನ್ ದೇವಸ್ಥಾನದ ಸುತ್ತಮುತ್ತ ಬಾಳೆಎಲೆ ಊಟ, ದೋಸೆ, ಇಡ್ಲಿ ಸಿಗುತ್ತದೆ. ಆದರೆ ಅಷ್ಟು ದೂರ ಹೋಗಿ ದೋಸೆ ತಿಂದು ಬಂದರೆ ಹೇಗೆ, ಅಲ್ವಾ? ಚೀನೀ ಬೌದ್ಧರ ಸಸ್ಯಾಹಾರಿ ಹೋಟೆಲ್‌ಗಳನ್ನು ಹುಡುಕಿ. ಅಲ್ಲಿ ಅದೇ ಚಾರ್ ಕ್ವೇ ಟಿಯಾವ್, ಅದೇ ಲಕ್ಸಾವನ್ನು ಅಣಬೆ, ಸೋಯಾ ಹಾಕಿ ಮಾಡುತ್ತಾರೆ. ಅನ್ನದ ಜೊತೆ ಹತ್ತಾರು ಪಲ್ಯ ಜೋಡಿಸಿಟ್ಟು, ತಟ್ಟೆಗೆ ಹಾಕಿಕೊಂಡಷ್ಟಕ್ಕೆ ದುಡ್ಡು ತೆಗೆದುಕೊಳ್ಳುವ ಕಡೆಗಳೂ ಇವೆ. ಮಾಂಸದ ತುಂಡಿನಂತೆಯೇ ಕಾಣುವುದು ಬಂದರೆ ಗಾಬರಿ ಬೇಡ, ಅದು ಸೋಯಾ ಅಥವಾ ಗೋಧಿಯಿಂದ ಮಾಡಿದ್ದು. ಮೊಟ್ಟೆ ತಿನ್ನದವರು ಮಾತ್ರ ಒಮ್ಮೆ ಕೇಳಿಕೊಳ್ಳಿ.

ರೊಟಿ ಚನಾಯ್ ತಿನ್ನುವಾಗ ಮೊದಲೇ "ದಾಲ್ ಸಹಾಜಾ", ಅಂದರೆ ಬೇಳೆ ಸಾರು ಮಾತ್ರ, ಅನ್ನಿ. ಇಲ್ಲದಿದ್ದರೆ ಪ್ರೀತಿಯಿಂದ ಮೀನು ಸಾರು ಸುರಿದುಬಿಡುತ್ತಾರೆ. ಊರಿಗೆ ಒಯ್ಯಲು ಬಹಳ ಜನ ಕೊಳ್ಳುವ, ಬೇಳೆ ಹೂರಣ ತುಂಬಿದ ತೌ ಸಾರ್ ಪ್ನಿಯಾ ಬಿಸ್ಕತ್ತಿನಲ್ಲೂ ಹಂದಿ ಕೊಬ್ಬು ಬಳಸುವವರಿದ್ದಾರೆ. ಡಬ್ಬಿ ಮೇಲೆ ಓದಿ ಕೊಳ್ಳಿ.

ದಿನಾಂಕ ನಿಮ್ಮ ಕೈಯಲ್ಲಿದ್ದರೆ ಚೀನೀ ಪಂಚಾಂಗದ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನಗಳಿಗೆ ಹೋಗಿ. ಹಲವು ವರ್ಷ ಇದು ನಮ್ಮ ನವರಾತ್ರಿಯ ಜೊತೆಗೇ ಬರುತ್ತದೆ. ಒಂಬತ್ತು ಚಕ್ರವರ್ತಿ ದೇವರುಗಳ ಹಬ್ಬ. ಆಗ ಸಾವಿರಾರು ಜನ ಸಸ್ಯಾಹಾರಕ್ಕೆ ತಿರುಗುತ್ತಾರೆ, ಬೀದಿ ಬೀದಿಯಲ್ಲಿ ಹಳದಿ ಬಾವುಟ ಕಟ್ಟಿದ ಗಾಡಿಗಳು ಏಳುತ್ತವೆ. ಹಳದಿ ಬಾವುಟ ಕಂಡರೆ ಅಲ್ಲಿ ಸಸ್ಯಾಹಾರ ಅಂತ ಗುರುತು. ಸಸ್ಯಾಹಾರಿಗಳಿಗೆ ಪೆನಾಂಗ್‌ನಲ್ಲಿ ಇದಕ್ಕಿಂತ ಒಳ್ಳೆಯ ಸಮಯ ಇಲ್ಲ.

ಹೆಜ್ಜೆ 7: ರಜೆಗಳನ್ನು ನೋಡಿಕೊಳ್ಳಿ

ಚೀನೀ ಹೊಸವರ್ಷದ ಮೊದಲ ಕೆಲವು ದಿನ ಬಹಳಷ್ಟು ಚೀನೀ ಗಾಡಿಗಳು ಮುಚ್ಚಿರುತ್ತವೆ. ರಂಜಾನ್ ತಿಂಗಳಲ್ಲಿ ಹಗಲು ಹೊತ್ತು ಮುಸ್ಲಿಂ ಹೋಟೆಲ್‌ಗಳಲ್ಲಿ ಊಟ ಸಿಗುವುದು ಕಷ್ಟ, ಆದರೆ ಮಧ್ಯಾಹ್ನದ ನಂತರ ತೆರೆಯುವ ರಂಜಾನ್ ಬಜಾರ್‌ಗಳಲ್ಲಿ ಬೇರೆ ಸಮಯದಲ್ಲಿ ಕಾಣದ ಮಲಯ ತಿಂಡಿಗಳೆಲ್ಲ ಬರುತ್ತವೆ. ಕೊಂಡುಕೊಳ್ಳಿ, ಅಲ್ಲೇ ನಿಂತು ಮಾತ್ರ ತಿನ್ನಬೇಡಿ. ಸುತ್ತ ಇರುವವರು ಉಪವಾಸದಲ್ಲಿರುತ್ತಾರೆ. ಇದಲ್ಲದೆ ಪ್ರತಿ ಗಾಡಿಗೂ ವಾರದಲ್ಲಿ ಒಂದೋ ಎರಡೋ ದಿನ ಅವರದ್ದೇ ರಜ. ಮ್ಯಾಪ್‌ನಲ್ಲಿ "ತೆರೆದಿದೆ" ಅಂತ ತೋರಿಸಿದರೂ ಖಾತ್ರಿ ಇಲ್ಲ. ಪ್ರತಿ ಹೊತ್ತಿಗೂ ಹತ್ತಿರದಲ್ಲೇ ಇನ್ನೊಂದು ಜಾಗ ನೋಡಿಟ್ಟುಕೊಂಡಿರಿ.

ಹೆಜ್ಜೆ 8: ಒಂದು ದಿನ ಗುಡ್ಡ ದಾಟಿ

ದ್ವೀಪದ ಹಿಂಭಾಗದಲ್ಲಿ, ಗುಡ್ಡದ ಆಚೆ ಬಾಲಿಕ್ ಪುಲಾವ್ ಅನ್ನುವ ಊರಿದೆ. ಜಾಯಿಕಾಯಿ, ಲವಂಗ, ಮತ್ತೆ ಮುಳ್ಳು ಮುಳ್ಳಾಗಿ ಜೋರು ವಾಸನೆ ಇರುವ ಡುರಿಯನ್ ಹಣ್ಣಿನ ತೋಟಗಳ ಕಡೆ. ಜಾರ್ಜ್‌ಟೌನ್‌ನಿಂದ ರಾಪಿಡ್ ಪೆನಾಂಗ್ ಬಸ್ ಹೋಗುತ್ತದೆ. ಬೆಳಗ್ಗೆಯೇ ಹೊರಡಿ. ಅಲ್ಲಿನ ಪೇಟೆಯಲ್ಲಿ ಎರಡು ಬಗೆಯ ಲಕ್ಸಾ ಸಿಗುತ್ತದೆ: ಹುಣಸೆಹುಳಿಯದ್ದು, ಮತ್ತೆ ತೆಂಗಿನ ಹಾಲು ಹಾಕಿದ ಸಿಯಾಮ್ ಲಕ್ಸಾ. ಎರಡನ್ನೂ ತರಿಸಿ ಪಕ್ಕಪಕ್ಕ ಇಟ್ಟುಕೊಂಡು ತಿನ್ನಿ. ಜೊತೆಗೆ ಜಾಯಿಕಾಯಿ ಹಣ್ಣಿನ ಜ್ಯೂಸ್. ನಮಗೆ ಗೊತ್ತಿರುವುದು ಒಣಗಿದ ಬೀಜ ಮಾತ್ರ, ಅಲ್ಲಿ ಅದರ ಸುತ್ತಲಿನ ತಿರುಳಿನಿಂದ ಜ್ಯೂಸ್ ಮಾಡುತ್ತಾರೆ, ಹುಳಿ ಸಿಹಿ ಎರಡೂ ಇರುತ್ತದೆ.

ಮೇಯಿಂದ ಆಗಸ್ಟ್ ನಡುವೆ ಹೋದರೆ ಡುರಿಯನ್ ಕಾಲ. ತೋಟದಲ್ಲೇ ಕೂರಿಸಿ, ಹಣ್ಣು ಒಡೆದು ಕೊಡುತ್ತಾರೆ. ಕೆಜಿ ಲೆಕ್ಕದಲ್ಲಿ ಮಾರುವುದರಿಂದ ಒಡೆಯುವ ಮುಂಚೆಯೇ ಜಾತಿ ಯಾವುದು, ಕೆಜಿಗೆ ಎಷ್ಟು, ತೂಕ ಎಷ್ಟು, ಮೂರನ್ನೂ ಕೇಳಿ. ಕಹಿ ಬೇಕಾ ಸಿಹಿ ಬೇಕಾ ಅಂತ ಅವರೇ ಕೇಳುತ್ತಾರೆ, ಮೊದಲ ಸಲವಾದರೆ ಸಿಹಿ ಅನ್ನಿ. ಉಳಿದದ್ದನ್ನು ಕಟ್ಟಿಸಿಕೊಂಡು ಬರುವ ಆಸೆ ಬೇಡ. ಬಸ್ಸಿನಲ್ಲಿ ಬಿಡುವುದಿಲ್ಲ, ಹೋಟೆಲ್ ಬಾಗಿಲಲ್ಲೇ ಡುರಿಯನ್ ಚಿತ್ರದ ಮೇಲೆ ಅಡ್ಡಗೆರೆ ಎಳೆದ ಬೋರ್ಡ್ ಇರುತ್ತದೆ, ರೂಮಿನಲ್ಲಿ ವಾಸನೆ ಬಂದರೆ ದಂಡ ಹಾಕುತ್ತಾರೆ. ಎಷ್ಟು ತಿನ್ನಲು ಆಗುತ್ತದೋ ಅಷ್ಟೇ ಒಡೆಸಿ.